ಅಷ್ಟಮಿ ದಿನದ ಸಮುದ್ರ

ಚಾಮರಾಜಪೇಟೆ, ಬೆಂಗಳೂರು
ತಾ. 21-10-2024, ಸೋಮವಾರ, ಪಂಚಮಿ

ಮರಿಯಣ್ಣನಿಗೆ,

ಕ್ಷೇಮ ಸಮಾಚಾರ ಆಮೇಲೆ ಬರೀತೀನಿ, ಮೊದಲು ಕನಸು ಹೇಳಿಬಿಡ್ತೀನಿ. ಮೂರು ದಿನದಿಂದ ಒಂದೇ ಕನಸು. ನಮ್ಮ ಐದನೇ ಅಡ್ಡರಸ್ತೆಗೆ ಸಮುದ್ರ ಬಂದಿದೆ. ಹಾಲಿನ ಬೂತು, ಇಸ್ತ್ರಿ ಗಾಡಿ ಎಲ್ಲಾ ಇದ್ದಲ್ಲೇ ಇವೆ, ನೀರು ಮಾತ್ರ ಸದ್ದಿಲ್ಲದೆ ಬಂದು ನಿಂತಿದೆ. ಜನ ಸೀರೆ ಪಂಚೆ ಎತ್ತಿಕೊಂಡು ಮಾತಾಡ್ತಾ ನಡೆದು ಹೋಗ್ತಿದಾರೆ. ನಾನು ಊರುಗೋಲು ಊರ್ತೀನಿ, ಅದು ಇಳೀತಾನೇ ಹೋಗುತ್ತೆ. ಹಿಡಿವರೆಗೂ ಇಳಿದ್ರೂ ನೆಲ ಸಿಗಲ್ಲ. ಕೂಗಿದ್ರೆ ಯಾರೂ ತಿರುಗಿ ನೋಡಲ್ಲ. ಅಷ್ಟಕ್ಕೆ ಎಚ್ಚರ ಆಗುತ್ತೆ.

ಇದಕ್ಕೆಲ್ಲ ಕಾರಣ ಡಾಕ್ಟರು. ನನ್ನ ಬಲಭುಜ ಸವೆದುಹೋಗಿದೆಯಂತೆ, ಇಷ್ಟು ವರ್ಷ ಊರುಗೋಲಿನ ಮೇಲೆ ಭಾರ ಹಾಕಿದ್ದಕ್ಕೆ. ‘ಯುಗಾದಿ ಹೊತ್ತಿಗೆ ಗಾಲಿಕುರ್ಚಿಗೆ ಬಂದ್ಬಿಡಿ ಅಮ್ಮ, ಇಲ್ಲಾಂದ್ರೆ ಕೈನೂ ಹೋಗುತ್ತೆ’ ಅಂದ್ರು. ಸಮಾಧಾನವಾಗೇ ಹೇಳಿದ್ರು, ನಾನೂ ಸರಿ ಅಂದೆ. ಆಟೋದಲ್ಲಿ ಕೂತಮೇಲೆ ಒಂದೇ ಯೋಚನೆ. ಹಾಗಾದ್ರೆ ಸಮುದ್ರ?

ನಗಬೇಡ. ಐವತ್ತೇಳು ವರ್ಷಕ್ಕೆ ನಾನು ಸಮುದ್ರ ನೋಡಿಲ್ಲ. ಜಾನಕಮ್ಮ ಟೀಚರ್ ಆರನೇ ಕ್ಲಾಸಲ್ಲಿ ‘ದ್ವೀಪ ಅಂದ್ರೆ ಸುತ್ತಲೂ ನೀರಿರುವ ಭೂಮಿ’ ಅಂತ ಬರೆಸಿದ್ರು. ಅದೇ ವಾರ ನನ್ನ ಶಾಲೆ ನಿಂತುಹೋಯ್ತು. ನಿನ್ನ ಬೆನ್ನ ಮೇಲೆ ಕೂತು ಹೋಗ್ತಿದ್ದವಳು ನಾನು, ಆ ಮಾತು ಈಗ ಬಿಡು. ಅದರ ಮುಂದಿನ ಪಾಠ ಏನಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ನೋಡಿದ್ರೆ ನೀನೇ ಹೋಗಿ ಅಂಡಮಾನಿನ ದ್ವೀಪದಲ್ಲಿ ಕೂತೆ.

ಅದಕ್ಕೆ ತೀರ್ಮಾನ ಮಾಡಿದೀನಿ. ಕುರ್ಚಿಗೆ ಕೂರೋದಕ್ಕೆ ಮುಂಚೆ ನನ್ನ ಕಾಲ ಮೇಲೆ ನಡೆದು ಸಮುದ್ರಕ್ಕೆ ಇಳೀಬೇಕು. ಮಂಡಿವರೆಗೆ ನೀರು ಬಂದ್ರೆ ಸಾಕು. ಪಕ್ಕದ ಮನೆ ಪಿಳ್ಳಮ್ಮ, ನನ್ನ ಜೊತೆ ಸೀರೆಗೆ ಕುಚ್ಚು ಕಟ್ತಾಳಲ್ಲ, ಅವಳು ‘ಮಂಡಿವರೆಗೆ ನೀರಿಗೆ ವಿಮಾನ ಹತ್ತಬೇಕಾ, ಕೆಂಪಾಂಬುಧಿ ಕೆರೆ ಏನು ಪಾಪ ಮಾಡಿದೆ’ ಅಂತಾಳೆ. ಹಾಗನ್ನುತ್ತಾ ತನ್ನ ಬ್ಯಾಗಿನ ಜಿಪ್ ರಿಪೇರಿಗೆ ಕೊಟ್ಟು ಬಂದಿದಾಳೆ. ಅವಳೂ ಬರ್ತಾಳೆ.

ನೀನು ಮಾಡಬೇಕಾದ್ದು ಇಷ್ಟು. ಅಲ್ಲಿರೋ ದಡಗಳನ್ನೆಲ್ಲ ಒಂದೊಂದಾಗಿ ನೋಡಿ ಬರಿ. ಆಟೋ ಎಲ್ಲಿವರೆಗೆ ಬರುತ್ತೆ, ಮೆಟ್ಟಿಲಿದೆಯಾ, ಮರಳು ಗಟ್ಟಿಯಾ ಮೆತ್ತಗಾ, ನೀರಿಗೆ ಎಷ್ಟು ಹೆಜ್ಜೆ. ಸುತ್ತಲೂ ನೀರಿದೆ ಅಂದಮೇಲೆ ಯಾವುದಾದ್ರೂ ಒಂದು ಕಡೆ ನನ್ನಂಥವಳಿಗೆ ದಾರಿ ಇರಲೇಬೇಕು. ಫೋನಲ್ಲಿ ಹೇಳಬೇಡ. ದೋಣಿ ಎಂಜಿನ್ ಸದ್ದಿಗೆ ನಿನ್ನ ಕಿವಿ ಹೋಗಿದೆ, ನಾನು ಕಿರುಚಿದ್ದು ವಠಾರಕ್ಕೆಲ್ಲ ಕೇಳುತ್ತೆ, ನಿನಗೊಬ್ಬನಿಗೆ ಕೇಳಲ್ಲ.

ಅತ್ತಿಗೆಗೆ ನೆನಪು ಹೇಳು.

ಉತ್ತರ ಬರೋವರೆಗೂ ಅದೇ ಕನಸು ಕಾಣೋ,
ಅಂಜಮ್ಮ


ನೀಲ್ ದ್ವೀಪ
6-11-2024

ಅಂಜೀ,

ಕಾಗದ ಹೋದ ವಾರವೇ ಸಿಕ್ತು. ದೀಪಾವಳಿ ಅಮಾವಾಸ್ಯೆಗೆ ನಾಲ್ಕು ದೋಣಿ ರಿಪೇರಿಗೆ ಬಂದ್ವು, ಅದಕ್ಕೆ ತಡ. ಹುಣ್ಣಿಮೆ ಅಮಾವಾಸ್ಯೆಗೆ ಇಲ್ಲಿ ನೀರು ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ. ಏರಿದಾಗ ದೋಣಿ ಮೇಲಕ್ಕೆ ತಂದು ನಿಲ್ಲಿಸ್ತಾರೆ. ಸಂಜೆ ನಾಲ್ಕರ ಹೊತ್ತಿಗೆ ನೀರೆಲ್ಲ ಹೋಗಿ ದೋಣಿ ಬರೀ ನೆಲದ ಮೇಲೆ ಕೂತಿರುತ್ತೆ, ಆಗ ನಾನು ಅದರ ಕೆಳಗೆ ಮಲಗಿ ನೀರು ತಳ್ಳೋ ಫ್ಯಾನು, ಅದರ ಶಾಫ್ಟು ನೋಡೋದು. ನನಗೆ ಬಿಡುವು ಅಂದ್ರೆ ಎರಡರ ನಡುವಿನ ವಾರ.

ನೀನು ಗಾಬರಿ ಬೀಳಬೇಡ. ಸಮುದ್ರ ಎಲ್ಲಿಗೂ ಓಡಿಹೋಗಲ್ಲ.

ಎರಡು ದಡ ನೋಡಿದೆ. ಲಕ್ಷ್ಮಣಪುರ ಅಂತ ಒಂದು. ಮರಳು ಬೆಳ್ಳಗೆ, ಮೈದಾ ಹಿಟ್ಟಿನಷ್ಟು ನಯ. ಸೂರ್ಯ ಮುಳುಗೋದು ನೋಡೋಕೆ ಜನ ಸೇರ್ತಾರೆ. ನೋಡೋಕೆ ಚೆಂದ, ನಡೆಯೋಕಲ್ಲ. ಆಟೋ ನಿಲ್ಲೋ ಜಾಗದಿಂದ ನೀರಿಗೆ ನನ್ನ ಹೆಜ್ಜೆಯಲ್ಲಿ ನೂರ ನಲವತ್ತು.

ಅದರಾಚೆ ಕಲ್ಲಿನ ಸೇತುವೆ ಇರೋ ದಡ. ಯಾರೂ ಕಟ್ಟಿದ್ದಲ್ಲ, ನೀರೇ ಬಂಡೆ ಕೊರೆದು ಮಾಡಿದ್ದು. ಕಲ್ಲಿನ ಗುಂಡಿಗಳಲ್ಲಿ ನೀರು ನಿಂತಿರುತ್ತೆ, ನೀಲಿ ಮೀನು, ಹಳದಿ ಪಟ್ಟೆ ಮೀನು ಒಳಗೇ ಸುತ್ತುತ್ತಾ ಇರ್ತವೆ. ಕಪ್ಪು ಹೀರೇಕಾಯಿ ಥರ ಒಂದು ಪ್ರಾಣಿ ಬಿದ್ದಿರುತ್ತೆ, ಎಷ್ಟು ಹೊತ್ತು ನೋಡಿದ್ರೂ ಅಲ್ಲಾಡಲ್ಲ. ನಿನಗೆ ತೋರಿಸಬೇಕು ಅನ್ನಿಸ್ತು. ಆದ್ರೆ ಕಲ್ಲೆಲ್ಲ ಪಾಚಿ, ನನಗೇ ಕಾಲು ಜಾರ್ತು. ಅದನ್ನ ಮರೆತುಬಿಡು.

ಇನ್ನೂ ಮೂರು ದಡ ಇವೆ. ಬಿಡುವಾದಾಗ ನೋಡ್ತೀನಿ.

ಕೈಯೆಲ್ಲ ಗ್ರೀಸು, ಇಷ್ಟಕ್ಕೇ ನಿಲ್ಲಿಸ್ತೀನಿ.
ಮರಿಯಣ್ಣ


ಚಾಮರಾಜಪೇಟೆ
ತಾ. 17-11-2024, ಭಾನುವಾರ, ಬಿದಿಗೆ

ಮರಿಯಣ್ಣನಿಗೆ,

ಪಾಚಿ ಮೇಲೆ ಜಾರಿದೆ ಅಂತ ಬರೆದೆ, ಬಿದ್ದೆಯೋ ಇಲ್ವೋ ಬರೀಲಿಲ್ಲ. ಅರವತ್ತೊಂದು ವರ್ಷ ನಿನಗೆ. ಸೊಂಟ ಮುರೀತಾ? ಹಾಗಾಗಿದ್ರೆ ಕಾಗದ ಬರೆಯೋಕೆ ಆಗ್ತಿರಲಿಲ್ಲ ಅಂತ ಪಿಳ್ಳಮ್ಮ ಅಂದ್ಲು. ಕೂತು ಬರೀಬಹುದಲ್ಲ ಅಂತ ನಾನಂದೆ. ಅದನ್ನ ಮೊದಲು ತಿಳಿಸು.

ಲಕ್ಷ್ಮಣಪುರ ಬೇಡ. ಮೈದಾ ಹಿಟ್ಟು ಅಂದ್ಯಲ್ಲ, ಅಡುಗೆಮನೆ ಡಬ್ಬದಲ್ಲಿ ಊರುಗೋಲಿನ ತುದಿ ಇಟ್ಟು ನೋಡಿದೆ. ಸಡ್ ಅಂತ ತಳ ಮುಟ್ತು. ಡಬ್ಬ ಎತ್ತಿಟ್ಟು ಚೆಲ್ಲಿದ ಹಿಟ್ಟು ಗುಡಿಸಿದೆ.

ಮೊಸಳೆ ವಿಷಯ ನೀನು ಬರೀಲೇ ಇಲ್ಲ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆ ಇದೆ ಅಂತ ಫೋನಲ್ಲಿ ಯಾರೋ ಹಾಕಿದ್ರು. ‘ಮೊಸಳೆ ಬಂದ್ರೆ ಎಲ್ಲರೂ ಓಡ್ತಾರೆ, ನೀನು ಉಳೀತೀಯ’ ಅಂದ್ಲು ಪಿಳ್ಳಮ್ಮ. ‘ನೀನು ನನ್ನ ಬಿಟ್ಟು ಓಡ್ತೀಯಾ’ ಅಂತ ಕೇಳಿದೆ. ‘ನನಗೆ ಮಂಡಿ ನೋವು, ನಾನೆಲ್ಲಿ ಓಡ್ಲಿ, ಇಬ್ಬರನ್ನೂ ತಿನ್ನಲಿ ಬಿಡು’ ಅಂದ್ಲು. ಅವಳ ಮಾತು ಹೀಗಿದ್ರೂ ನನಗೆ ಅದರಿಂದ ಸ್ವಲ್ಪ ಸಮಾಧಾನ ಆಯ್ತು.

ಆದ್ರೆ ಬರೋದಂತೂ ಬರ್ತೀನಿ. ಹೆದರಿಕೆ ಇದೆ ಅಂತ ಬರೆದ್ರೆ ಬರಲ್ಲ ಅಂತ ಅರ್ಥ ಮಾಡ್ಕೋಬೇಡ. ನನಗೆ ರಸ್ತೆ ದಾಟೋದಕ್ಕೂ ಹೆದರಿಕೆ, ಆದ್ರೂ ದಾಟ್ತೀನಿ.

ಉಳಿದ ಮೂರೂ ನೋಡಿ ಬರಿ. ಹೆಜ್ಜೆ ಎಣಿಸೋದು ಮರೀಬೇಡ.

ಡಬ್ಬದ ಮೈದಾ ಚೆಲ್ಲಿದ ತಂಗಿ,
ಅಂಜಮ್ಮ


ನೀಲ್ ದ್ವೀಪ
28-11-2024

ಅಂಜೀ,

ಬೀಳಲಿಲ್ಲ. ಸೊಂಟ ಸರಿಯಾಗಿದೆ. ಈ ದಡಗಳಲ್ಲಿ ನಾನು ಒಂದು ಸಲವೂ ಮೊಸಳೆ ನೋಡಿಲ್ಲ, ಆದ್ರೂ ಬೋಟಿನವರನ್ನ ಕೇಳದೆ ನಿನ್ನ ನೀರಿಗೆ ಇಳಿಸಲ್ಲ.

23ನೇ ತಾರೀಖು ಶನಿವಾರ ಕೆಲಸ ಇರಲಿಲ್ಲ, ಬೆಳಗ್ಗೆಯಿಂದ ಮೂರೂ ಸುತ್ತಿದೆ. ಸೀತಾಪುರ ಮೂಡಣ ದಿಕ್ಕಿಗೆ, ಸೂರ್ಯ ಹುಟ್ಟೋದು ಕಾಣುತ್ತೆ. ಇಳಿಯೋಕೆ ಮೆಟ್ಟಿಲು, ಕೆಳಗೆ ಅಲೆ ಜೋರು. ಬೇಡ. ರಾಮನಗರದಲ್ಲಿ ಜನವಿಲ್ಲ. ದೊಡ್ಡ ಮರಗಳು ಬೇರು ಸಮೇತ ಮಗುಚಿ ದಡದ ಮೇಲೆ ಮಲಗಿವೆ, ನೀರು ತೊಳೆದು ತೊಳೆದು ಬೆಳ್ಳಗಾಗಿವೆ. ನಾನು ಅಲ್ಲಿ ಬಹಳ ಹೊತ್ತು ಕೂತಿದ್ದೆ. ಆದ್ರೆ ಮರಳಿನ ನಡುನಡುವೆ ಚೂಪು ಕಲ್ಲು. ಅದೂ ಬೇಡ.

ಕೊನೆಗೆ ಭರತಪುರ. ಇದು ಹಡಗು ನಿಲ್ಲೋ ಕಟ್ಟೆಯ ಹತ್ತಿರ. ಚುರುಮುರಿ ಅಂಗಡಿ, ಎಳನೀರು, ಮಕ್ಕಳ ಗಲಾಟೆ, ಹಾಗಾಗಿ ಮೊದಲು ಇದನ್ನ ನಿನಗೆ ಹೇಳೋದೇ ಬೇಡ ಅಂದ್ಕೊಂಡಿದ್ದೆ. ಆದ್ರೆ ಆಟೋ ಹತ್ತಿರ ಬರುತ್ತೆ, ಅಲ್ಲಿಂದ ಸಿಮೆಂಟು ಹಾದಿ ಮರಳಿನವರೆಗೂ ಇದೆ. ಒಂದೂ ಮೆಟ್ಟಿಲಿಲ್ಲ. ಸಂಜೆ ನಾಲ್ಕಕ್ಕೆ ಹೋದೆ. ಒಣಮರಳು ನನ್ನ ಹೆಜ್ಜೆಯಲ್ಲಿ ಹದಿನೈದು, ಒದ್ದೆಮರಳು ಒಂಬತ್ತು, ಆಮೇಲೆ ನೀರು. ಅಲೆ ಇಲ್ಲ. ಎಷ್ಟು ದೂರ ಹೋದ್ರೂ ಮಂಡಿ ದಾಟಲ್ಲ. ನೀರು ನಿನ್ನ ಆ ಹಳೇ ನವಿಲುಬಣ್ಣದ ರವಿಕೆ ಇತ್ತಲ್ಲ, ಹಾಗಿದೆ.

ನಾಲ್ಕು ಗಂಟೆ ಅಂತ ಗುರುತು ಹಾಕಿಕೋ.

ಮರಿಯಣ್ಣ


ಚಾಮರಾಜಪೇಟೆ
ತಾ. 8-12-2024, ಭಾನುವಾರ, ಸಪ್ತಮಿ

ಮರಿಯಣ್ಣನಿಗೆ,

ರಾಮ, ಲಕ್ಷ್ಮಣ, ಭರತ, ಸೀತೆ ಎಲ್ಲರಿಗೂ ಒಂದೊಂದು ದಡ ಕೊಟ್ಟಿದಾರೆ, ಶತ್ರುಘ್ನನಿಗೆ ಯಾಕೆ ಇಲ್ಲ ಅಂತ ಪಿಳ್ಳಮ್ಮ ಎರಡು ದಿನದಿಂದ ಕೇಳ್ತಿದಾಳೆ. ನಿನಗೆ ಗೊತ್ತಿದ್ರೆ ಬರಿ.

ಟಿಕೆಟ್ ಆಯ್ತು. ಉಪ್ಪಾರಪೇಟೆಯಲ್ಲಿ ಒಬ್ಬರ ಹತ್ರ ಮಾಡಿಸಿದೆ. ಫೆಬ್ರವರಿ 11ಕ್ಕೆ ಪೋರ್ಟ್ ಬ್ಲೇರ್, 12ಕ್ಕೆ ಬೆಳಗಿನ ಹಡಗಿನಲ್ಲಿ ನಿನ್ನಲ್ಲಿಗೆ, 13ಕ್ಕೆ ವಾಪಸ್. ಶಂಕರಪುರದ ಜಾನಕಮ್ಮ ಟೀಚರನ್ನ ಕೇಳಿ ಒಳ್ಳೇ ದಿನ ನೋಡಿಯೇ ಗೊತ್ತು ಮಾಡಿದ್ದು. ಅವರಿಗೆ ಈಗ ಎಂಬತ್ತರ ಹತ್ತಿರ, ಈಗಲೂ ಸೀರೆ ಕುಚ್ಚಿಗೆ ನನಗೇ ಕೊಡೋದು.

ನಿನ್ನ ಲೆಕ್ಕ ಓದಿದೆ. ಹದಿನೈದು ಮತ್ತು ಒಂಬತ್ತು. ಅದು ನಿನ್ನ ಹೆಜ್ಜೆ, ಅಣ್ಣ. ನಿನ್ನ ಹೆಜ್ಜೆಯಿಂದ ನನಗೇನು ಉಪಯೋಗ? ಅದಕ್ಕೆ ಈ ಕಾಗದದೊಳಗೆ ಒಂದು ಕೆಂಪು ರೇಷ್ಮೆ ದಾರ ಮಡಿಚಿಟ್ಟಿದೀನಿ, ಎರಡು ತುದಿಗೂ ಗಂಟು ಹಾಕಿದೆ. ಗಂಟಿನಿಂದ ಗಂಟಿಗೆ ನನ್ನ ಒಂದು ಹೆಜ್ಜೆ. ಪಿಳ್ಳಮ್ಮನ ಕೈಲಿ ಐದು ಸಲ ಅಳೆಸಿ ಕಟ್ಟಿದ್ದು. ಇದನ್ನ ಎರಡು ಕಾಲಿಗೂ ನಡುವೆ ಕಟ್ಟಿಕೊಂಡು ನಡೆದು ಎಣಿಸು. ಒಂದು ಕೋಲು ಕಂಕುಳಿಗೆ ಸರಿಯಾಗಿ ಕಡಿಸಿಕೊಂಡು, ತುದಿಗೆ ರಬ್ಬರ್ ಬುಷ್ ಹಾಕು. ಮೈಭಾರ ಎಲ್ಲ ಅದರ ಮೇಲೆ ಬಿಟ್ಟು ಎಷ್ಟು ಬೆರಳು ಇಳಿಯುತ್ತೆ ನೋಡು. ಎರಡು ಬೆರಳಾದ್ರೆ ನಡೀತೀನಿ. ನಾಲ್ಕಾದ್ರೆ ಎತ್ತೋಕೆ ಭುಜಕ್ಕೆ ಆಗಲ್ಲ.

ಇನ್ನೊಂದು. ಉಪ್ಪುನೀರಿಗೆ ನನ್ನ ಎಡಗಾಲಿಗೆ ಕಟ್ಟೋ ಕ್ಯಾಲಿಪರಿನ ಕಬ್ಬಿಣ ತುಕ್ಕು ಹಿಡಿದ್ರೆ? ಮಂಡಿ ಕೀಲಿಗೆ ಮರಳು ಹೋದ್ರೆ? ನೀರಲ್ಲೇ ಕಾಲು ಮಡಿಚಲಾರದೆ ನಿಂತುಬಿಟ್ರೆ? ಇದನ್ನೆಲ್ಲ ಬರೆದಿಟ್ಟುಕೊಂಡು ಉತ್ತರ ಕೊಡು, ಒಂದಕ್ಕೆ ಕೊಟ್ಟು ಒಂದು ಬಿಡಬೇಡ.

ಕ್ಯಾಲೆಂಡರ್ ಮುಂದೆ ನಿಂತು ದಿನ ಎಣಿಸೋ,
ಅಂಜಮ್ಮ


ನೀಲ್ ದ್ವೀಪ
24-12-2024

ಅಂಜೀ,

ಶತ್ರುಘ್ನನ ವಿಷಯ ಇಲ್ಲಿ ಯಾರಿಗೂ ಗೊತ್ತಿಲ್ಲ.

15ನೇ ತಾರೀಖು ಹುಣ್ಣಿಮೆಗೆ ಮೂರು ದೋಣಿ ಇದ್ವು, ದಿನಾ ಸಂಜೆ ನೀರು ಇಳಿದಮೇಲೆ ಅದರಡಿಯಲ್ಲೇ ಇದ್ದೆ. ನಿನ್ನೆ ಸೋಮವಾರ ಬಿಡುವಾಯ್ತು, ನೀನು ಹೇಳಿದ ಹಾಗೇ ಮಾಡಿದೆ.

ನಡೆಯೋವಾಗ ನಿನ್ನ ಎಡಗಾಲು ಮಡಿಚಲ್ಲ ಅನ್ನೋದು ನೆನಪಾಗಿ ನಾನೂ ಎಡಗಾಲಿಗೆ ಹಲಗೆ ಇಟ್ಟು ಟ್ಯೂಬಿನಲ್ಲಿ ಬಿಗಿದೆ. ಕಂಕುಳಲ್ಲಿ ಕೋಲು, ಕಾಲಿಗೆ ಕೆಂಪು ದಾರ. ಭರತಪುರದಲ್ಲಿ ಸಂಜೆ ನಾಲ್ಕಕ್ಕೆ ಹೀಗೆ ಹೊರಟೆ. ಬೋಟಿನ ಹುಡುಗರು ‘ದಾದಾ, ಯಾವಾಗ ಬಿದ್ರಿ’ ಅಂತ ಓಡಿ ಬಂದ್ರು. ತಂಗಿಗೋಸ್ಕರ ಅಂದೆ. ಅವರಿಗೆ ಏನು ಅರ್ಥ ಆಯ್ತೋ, ಸುಮ್ಮನೆ ಪಕ್ಕದಲ್ಲಿ ನಡೆದು ಬಂದ್ರು. ನಿನ್ನ ಅತ್ತಿಗೆ ಮಾತ್ರ ಅಂಗಡಿ ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರೋವರೆಗೆ ನಕ್ಕಳು.

ಎರಡು ಸಲ ಬಿದ್ದೆ. ನೀನು ದಿನಾ ಹೀಗೆ ನಡೀತೀಯ ಅಂತ ನನಗೆ ಗೊತ್ತಿತ್ತು. ಆದ್ರೆ ಗೊತ್ತಿರಲಿಲ್ಲ.

ಲೆಕ್ಕ ಬರ್ಕೋ. ಒಣಮರಳು ಮೂವತ್ತೆಂಟು ಹೆಜ್ಜೆ, ಕೋಲು ನಾಲ್ಕು ಬೆರಳು ಇಳಿಯುತ್ತೆ. ಒದ್ದೆಮರಳು ಇಪ್ಪತ್ತೆರಡು ಹೆಜ್ಜೆ, ಒಂದೂವರೆ ಬೆರಳು ಮಾತ್ರ. ಒದ್ದೆ ಕಡೆ ನೀನು ನಡೀತೀಯ. ಒಣ ಕಡೆ ಆಗಲ್ಲ. ಆ ಮೂವತ್ತೆಂಟು ಹೆಜ್ಜೆ ನಾನು ಎತ್ತಿಕೊಂಡು ಹೋಗ್ತೀನಿ, ಐದು ನಿಮಿಷದ ಕೆಲಸ.

ಕ್ಯಾಲಿಪರ್ ಚಿಂತೆ ಬಿಡು. ನೀರಿಂದ ಬಂದಮೇಲೆ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಕೀಲಿಗೆ ಗ್ರೀಸ್ ಹಾಕಿ ಕೊಡ್ತೀನಿ. ನನ್ನ ಕೈಗೆ ಸಿಕ್ಕಿದ ಯಾವ ಕಬ್ಬಿಣವೂ ಸಮುದ್ರಕ್ಕೆ ಸೋತಿಲ್ಲ.

12ನೇ ತಾರೀಖು ಸಂಜೆ ನಾಲ್ಕಕ್ಕೆ ಅಲ್ಲಿರೋಣ.

ಮರಿಯಣ್ಣ


ಚಾಮರಾಜಪೇಟೆ
ತಾ. 5-1-2025, ಭಾನುವಾರ, ಷಷ್ಠಿ

ಮರಿಯಣ್ಣನಿಗೆ,

ನಿನ್ನ ಕಾಗದ ನಿನ್ನೆ ಬಂತು. ಬಂದಾಗಿನಿಂದ ಊಟ ಸೇರಲಿಲ್ಲ. ಏನೋ ಒಂದು ಸರಿಯಿಲ್ಲ ಅನ್ನಿಸ್ತಿತ್ತು, ಏನು ಅಂತ ಗೊತ್ತಾಗ್ತಿರಲಿಲ್ಲ. ಇವತ್ತು ಬೆಳಗ್ಗೆ ನಿನ್ನ ಮೂರೂ ಕಾಗದ ಚಾಪೆ ಮೇಲೆ ಹರಡಿ, ಗೋಡೆ ಕ್ಯಾಲೆಂಡರ್ ಕೆಳಗಿಳಿಸಿ ಪಕ್ಕದಲ್ಲಿಟ್ಟುಕೊಂಡು ಕೂತೆ. ನಾನು ಹೇಳೋದನ್ನ ನಿಧಾನವಾಗಿ ಓದು.

ನೀನು ಭರತಪುರಕ್ಕೆ ಹೋಗಿದ್ದು ಎರಡು ಸಲ. ನವೆಂಬರ್ 23, ಡಿಸೆಂಬರ್ 23. ಎರಡೂ ದಿನ ಅಷ್ಟಮಿ. ನಾಲ್ಕು ಗಂಟೆಗೆ ನೀರು ಹತ್ತಿರ ಇತ್ತು ಅಂತ ಬರೆದಿದೀಯ. ಮೊದಲನೇ ಕಾಗದದಲ್ಲಿ ಏನು ಬರೆದಿದೀಯ ನೋಡು. ಅಮಾವಾಸ್ಯೆಗೆ ಸಂಜೆ ನಾಲ್ಕಕ್ಕೆ ನೀರೆಲ್ಲ ಹೋಗಿ ದೋಣಿ ನೆಲದ ಮೇಲೆ ಕೂತಿರುತ್ತೆ ಅಂತ. ಹುಣ್ಣಿಮೆಗೂ ಹಾಗೇ ಅಂತ. ಅಣ್ಣ, ನಾನು ಬರೋ ಫೆಬ್ರವರಿ 12 ಮಾಘ ಹುಣ್ಣಿಮೆ. ಸಮುದ್ರಕ್ಕೆ ಇಳಿಯೋಕೆ ಅದಕ್ಕಿಂತ ಒಳ್ಳೇ ದಿನ ಇಲ್ಲ ಅಂತ ಟೀಚರ್ ಹೇಳಿದ್ರು, ಅದಕ್ಕೇ ಆರಿಸಿದ್ದು. ನಿನಗೆ ತಾರೀಖು ಬರೆದೆ, ತಿಥಿ ಬರೀಲಿಲ್ಲ. ನಿನ್ನ ಮನೆಯಲ್ಲಿ ಪಂಚಾಂಗ ಇಲ್ಲ. ನಿನಗೆ ಬಿಡುವು ಸಿಗೋದು ಅಷ್ಟಮಿಗೆ, ನಾನು ಹೊರಡೋದು ಹುಣ್ಣಿಮೆಗೆ. ನಾಲ್ಕು ಗಂಟೆಗೆ ನಾನು ಬಂದು ನಿಂತಿದ್ರೆ ಮುಂದೆ ಬರೀ ಕಲ್ಲು. ಸಮುದ್ರ ಓಡಿಹೋಗಲ್ಲ ಅಂತ ನೀನು ಅಂದಿದ್ದೆ. ಓಡಿಹೋಗುತ್ತೆ, ತಿಥಿ ನೋಡಿಕೊಂಡು ಹೋಗುತ್ತೆ.

ಆಟೋ ಹಿಡಿದು ಜಾನಕಮ್ಮ ಟೀಚರ್ ಮನೆಗೆ ಹೋಗಿ ಕೇಳಿದೆ, ನಾನು ತಿಳ್ಕೊಂಡಿದ್ದು ಸರೀನಾ ಅಂತ. ಅವರು ಕನ್ನಡಕ ಹಾಕ್ಕೊಂಡು ನಿನ್ನ ಕಾಗದ ಎಲ್ಲಾ ಓದಿದ್ರು. ಸರಿ ಅಂದ್ರು. ‘ಇದು ದ್ವೀಪದ ಮುಂದಿನ ಪಾಠ ಕಣೇ, ಉಬ್ಬರ ಇಳಿತ. ನೀನೇ ಮಾಡ್ಕೊಂಡು ಬಂದಿದೀಯ’ ಅಂದ್ರು. ಕಾಫಿ ಕೊಟ್ರು.

ಈಗ ತೀರ್ಮಾನ ಕೇಳು. ಟಿಕೆಟ್ ಬದಲಾಯಿಸಿ ಬಂದಿದೀನಿ. ಫೆಬ್ರವರಿ 4 ರಥಸಪ್ತಮಿಗೆ ಇಲ್ಲಿಂದ ಹೊರಡ್ತೀವಿ, 5ನೇ ತಾರೀಖು ಬುಧವಾರ ನಿನ್ನಲ್ಲಿಗೆ. ಅವತ್ತು ಅಷ್ಟಮಿ. ಪಿಳ್ಳಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡ್ಲು. ಅಷ್ಟಮಿ ನವಮಿ ನಾನು ಹೊಸಿಲು ದಾಟಿದವಳಲ್ಲ ಅಂತ ಅವಳಿಗೆ ಗೊತ್ತು. ಯಾಕೆ ಅಂತ ಅವಳಿಗೆ ಗೊತ್ತಿಲ್ಲ, ನಿನಗೆ ಗೊತ್ತು.

ಆ ದಿನ ಶಾಲೆಗೆ ಹೋಗೋವಾಗ ನೀನು ಶಂಕರಪುರದ ಅರಳಿಕಟ್ಟೆ ಮೇಲೆ ನನ್ನ ಇಳಿಸಿ, ‘ಇಲ್ಲೇ ಕೂತಿರು, ಬಂದೆ’ ಅಂತ ಹೋದೆ. ನಾನು ಕೂತಿದ್ದೆ. ಬೆಲ್ ಹೊಡೆದಿದ್ದು ಕೇಳಿಸ್ತು. ಬಿಸಿಲು ಕಾಲ ಹತ್ತಿರ ಬಂತು. ಆಮೇಲೆ ಗೋಡೆ ಹಿಡ್ಕೊಂಡು ಮನೆಗೆ ನಡೆದು ಬಂದೆ. ಸಾವಿರದವರೆಗೆ ಎಣಿಸಿ, ಮುಂದೆ ಬರದೆ, ಮತ್ತೆ ಒಂದರಿಂದ ಎಣಿಸಿದೆ. ಮಂಡಿ ಕೆತ್ತಿಹೋಗಿತ್ತು. ನಾನೇ ಹಟ ಮಾಡಿ ಇಳಿದೆ ಅಂತ ಅಮ್ಮನಿಗೆ ಹೇಳಿದೆ. ಅಮ್ಮ ಕ್ಯಾಲೆಂಡರ್ ನೋಡಿ, ‘ಅಷ್ಟಮಿ ದಿನ ಕಳಿಸಿದ್ದೇ ತಪ್ಪಾಯ್ತು’ ಅಂದ್ಲು. ಇನ್ನು ಶಾಲೆಗೆ ಹೋಗಲ್ಲ ಅಂದೆ. ನಲವತ್ತೈದು ವರ್ಷ ನಿನ್ನ ಬದಲು ಅಷ್ಟಮಿ ಬೈಸಿಕೊಂಡಿದೆ. ಪಾಪ, ಅದನ್ನ ಇನ್ನು ಬಿಟ್ಟುಬಿಡೋಣ.

ನಿನ್ನ ಮೇಲೆ ಸಿಟ್ಟಿಗೆ ಬರೀತಿಲ್ಲ. ಎತ್ತಿಕೊಂಡು ಹೋಗ್ತೀನಿ ಅಂದ್ಯಲ್ಲ, ಅದಕ್ಕೆ ಬರೆದೆ. ಆ ದಿನದಿಂದ ನಾನು ಯಾರ ಬೆನ್ನೂ ಹತ್ತಿಲ್ಲ. ಈಗಲೂ ಹತ್ತಲ್ಲ. ಆ ಮೂವತ್ತೆಂಟು ಹೆಜ್ಜೆಗೆ ಬೇರೆ ಏನಾದ್ರೂ ದಾರಿ ಮಾಡು. ದೋಣಿಯನ್ನೇ ಮರಳಿನ ಮೇಲೆ ಎಳೀತೀರಂತೆ, ನನ್ನ ಕೋಲು ಊರೋದಕ್ಕೆ ಉಪಾಯ ಸಿಗಲ್ವಾ?

ಇದನ್ನ ಬರೆದಮೇಲೆ ಹಸಿವಾಗ್ತಿದೆ.
ಅಂಜಮ್ಮ


ನೀಲ್ ದ್ವೀಪ
16-1-2025

ಅಂಜೀ,

ತಿಥಿ ವಿಷಯ ನೀನು ಹೇಳಿದ್ದೇ ಸರಿ. ಮೂವತ್ತಮೂರು ವರ್ಷ ಈ ನೀರಿನ ಪಕ್ಕ ಇದೀನಿ, ನನ್ನ ಕೆಲಸಕ್ಕೆ ನೀರು ಇಳಿದಿದೆಯಾ ಅಂತ ನೋಡ್ತೀನಿ, ನಿನ್ನ ತಾರೀಖಿಗೆ ನೋಡಲಿಲ್ಲ. 13ರ ಹುಣ್ಣಿಮೆ ಸಂಜೆ ಒಂದು ದೋಣಿ ಕೆಲಸಕ್ಕೆ ಭರತಪುರಕ್ಕೆ ಹೋಗಿದ್ದೆ. ಕಣ್ಣಿಗೆ ಕಾಣೋಷ್ಟು ದೂರ ಹವಳದ ಕಲ್ಲು, ಪಾಚಿ. ನಿನಗೆ ನಾನು ಹೇಳಿದ ಅದೇ ನಾಲ್ಕು ಗಂಟೆಗೆ ನೀರೇ ಇರಲಿಲ್ಲ. ಮಾರನೇ ದಿನ ನಿನ್ನ ಕಾಗದ ಬಂತು.

7ನೇ ತಾರೀಖು, ಅದೂ ಅಷ್ಟಮಿಯಂತೆ, ಮತ್ತೊಂದು ಸಲ ದಾರ ಕಟ್ಟಿ ಎಣಿಸಿದ್ದೆ. ಒದ್ದೆಮರಳು ಇಪ್ಪತ್ತೆರಡೇ. 5ನೇ ತಾರೀಖು ನಾಲ್ಕಕ್ಕೆ ನೀರು ಅಲ್ಲೇ ಇರುತ್ತೆ.

ಒಣಮರಳಿಗೆ ಹಳೇ ದೋಣಿಯ ಹಲಗೆ ಹಾಸ್ತೀನಿ. ಸಿಮೆಂಟು ಹಾದಿಯಿಂದ ಒದ್ದೆಮರಳಿನವರೆಗೆ, ನಡುವೆ ಸಂದಿಲ್ಲದ ಹಾಗೆ. ಜಾರದಂತೆ ಮೇಲೆ ಗೋಣಿತಾಟು ಹೊಡೀತೀನಿ. ಐದು ಹಲಗೆ ಆಗಿದೆ, ಇನ್ನು ನಾಲ್ಕು ಬೇಕು. ಬೋಟಿನ ಹುಡುಗರು ತಂದು ಕೊಡ್ತಿದಾರೆ. ನಿನ್ನ ನಾನು ಎತ್ತಲ್ಲ. ಪಕ್ಕದಲ್ಲಿ ನಡೀತೀನಿ.

ಅರಳಿಕಟ್ಟೆ ವಿಷಯ. ನೀನು ಬೈತೀಯ ಅಂತ ಎಷ್ಟೋ ವರ್ಷ ಕಾದೆ. ನೀನು ಬೈಲಿಲ್ಲ, ಅದಕ್ಕೆ ಊರಿಗೆ ಬರೋದೇ ಕಡಿಮೆ ಮಾಡಿದೆ. ಅಮ್ಮ ಹೋದಾಗ ಬಂದವನು ಮೂರೇ ದಿನಕ್ಕೆ ಓಡಿದೆ. ಅವತ್ತು ನಾನು ದೊಡ್ಡದೇನೂ ಮಾಡೋಕೆ ಹೋಗಿರಲಿಲ್ಲ. ಕ್ರಿಕೆಟ್ ಆಡೋಕೆ ಹೋಗಿದ್ದೆ. ಹುಡುಗರು ‘ಮೂಟೆ ಇಳಿಸಿ ಬಂದ್ಯಾ’ ಅಂದ್ರು, ನಾನೂ ನಕ್ಕೆ. ಆಟ ಮುಗಿಸಿ ಬಂದಾಗ ಕಟ್ಟೆ ಮೇಲೆ ನಿನ್ನ ಚೀಲ ಒಂದೇ ಇತ್ತು. ಅದನ್ನ ತಂದು ಮನೆ ಮೂಲೆಯಲ್ಲಿಟ್ಟೆ. ಯಾರೂ ಏನೂ ಕೇಳಲಿಲ್ಲ.

ಇದನ್ನ ಬರೆಯೋಕೆ ಎರಡು ದಿನ ಹಿಡೀತು.

ಮರಿಯಣ್ಣ


ಚಾಮರಾಜಪೇಟೆ
ತಾ. 25-1-2025, ಶನಿವಾರ, ಏಕಾದಶಿ

ಮರಿಯಣ್ಣನಿಗೆ,

ಈ ಕಾಗದ ಮೂರನೇ ತಾರೀಖಿನೊಳಗೆ ನಿನಗೆ ಸಿಗುತ್ತೆ ಅಂತ ಪೋಸ್ಟಾಫೀಸಿನವರು ಹೇಳಿದಾರೆ. ಎರಡು ಸಲ ಕೇಳಿದೆ. ಮೂರನೇ ಸಲಕ್ಕೆ ಅವರು ಮುಖ ಗಂಟು ಹಾಕ್ಕೊಂಡ್ರು, ಬಂದ್ಬಿಟ್ಟೆ.

ಕಟ್ಟೆ ವಿಷಯಕ್ಕೆ ಉತ್ತರ ಬರೀಬೇಕು ಅಂತ ಮೂರು ಹಾಳೆ ಹರಿದೆ. ಬರೆಯಲ್ಲ. ಅಲ್ಲಿಗೆ ಬಂದು ನಿನ್ನ ಕಿವಿ ಹತ್ರ ಹೇಳ್ತೀನಿ, ನಿನಗೆ ಕೇಳೋವರೆಗೂ ಕೂಗಿ ಹೇಳ್ತೀನಿ. ದಡದಲ್ಲಿರೋರಿಗೆಲ್ಲ ಕೇಳಿದ್ರೂ ಚಿಂತೆಯಿಲ್ಲ, ಅವರಿಗೆ ಕನ್ನಡ ಬರಲ್ಲವಲ್ಲ. ಚೀಲ ನೀನೇ ತಂದಿಟ್ಟೆ ಅಂತ ನನಗೆ ಅವತ್ತೇ ಗೊತ್ತಿತ್ತು. ಅದರಲ್ಲಿದ್ದ ಭೂಗೋಳದ ಪುಸ್ತಕ ಇವತ್ತಿಗೂ ಟ್ರಂಕಿನಲ್ಲಿದೆ, ಅವತ್ತಿಂದ ತೆರೆದೇ ಇರಲಿಲ್ಲ. ನಿನ್ನೆ ತೆಗೆದು ನೋಡಿದೆ. ಟೀಚರ್ ಹೇಳಿದ್ದು ನಿಜ, ಮುಂದಿನ ಪಾಠ ಅದೇ. ಚಂದ್ರನ ಚಿತ್ರ ಇದೆ. ಓದಿದೆ, ಎರಡು ಪುಟ ಅಷ್ಟೇ. ಅಷ್ಟೇನೂ ಕಷ್ಟ ಇರಲಿಲ್ಲ.

ಇಲ್ಲಿ ಎಲ್ಲಾ ತಯಾರಿ ಆಗಿದೆ. ಊರುಗೋಲಿಗೆ ಹೊಸ ಬುಷ್ ಹಾಕಿಸಿದೆ, ಇನ್ನೆರಡು ಬುಷ್ ಬ್ಯಾಗಿನಲ್ಲಿಟ್ಟಿದೀನಿ, ಪಿಳ್ಳಮ್ಮನ ಬ್ಯಾಗಿನಲ್ಲಿ ಒಂದು. ದಿನಾ ಸಂಜೆ ವಠಾರದ ಅಂಗಳದಲ್ಲಿ ಅರವತ್ತು ಹೆಜ್ಜೆ ಅಭ್ಯಾಸ. ಮೊದಲ ದಿನ ನಲವತ್ತಕ್ಕೆ ಭುಜ ಉರೀತು, ಗೋಡೆಗೆ ಒರಗಿ ನಿಂತೆ. ನಿನ್ನೆ ಅರವತ್ತೂ ಆಯ್ತು. ಪಿಳ್ಳಮ್ಮ ಬಕೆಟ್ಟಿನಿಂದ ನೆಲಕ್ಕೆ ನೀರು ಹೊಡೀತಾಳೆ, ಒದ್ದೆ ನೆಲ ಅಭ್ಯಾಸ ಆಗಲಿ ಅಂತ. ‘ಇಷ್ಟು ನೀರು ಸಾಲುತ್ತಾ, ಇನ್ನೊಂದು ಬಕೆಟ್ ತರ್ಲಾ, ಅಂಡಮಾನ್ ಇಲ್ಲೇ ಮಾಡ್ಬಿಡೋಣ’ ಅಂತಾಳೆ. ವಠಾರದವರೆಲ್ಲ ಬಾಗಿಲಲ್ಲಿ ನಿಂತು ಎಣಿಸ್ತಾರೆ.

ಹೆದರಿಕೆ ಹೋಗಿಲ್ಲ. ವಿಮಾನದಲ್ಲಿ ಊರುಗೋಲು ಕಿತ್ಕೊಂಡು ಬೇರೆ ಕಡೆ ಇಡ್ತಾರಂತೆ. ಹಡಗು ಹತ್ತೋಕೆ ಹಲಗೆ ಎಷ್ಟು ಅಗಲ ಇರುತ್ತೋ. ಅಷ್ಟಮಿ ದಿನ ಹಡಗು ಹತ್ತಿದ್ರೆ ಏನಾಗುತ್ತೋ ಅಂತ ಈಗಲೂ ಅನ್ನಿಸುತ್ತೆ. ಅನ್ನಿಸಲಿ. ಹತ್ತೋದಂತೂ ಹತ್ತೋದೇ. ಕನಸು ಮಾತ್ರ ಬದಲಾಗಿದೆ. ಮೊನ್ನೆ ಅದೇ ನೀರು ಬಂದಿತ್ತು, ಊರುಗೋಲು ಇಳೀತು, ಒಂದೂವರೆ ಬೆರಳಿಗೆ ನಿಂತ್ಕೊಳ್ತು.

ಈಗ ಒಂದೇ ಒಂದು ವಿಷಯ. ನಿನ್ನ ಕಾಗದಗಳನ್ನೆಲ್ಲ ಮತ್ತೆ ಓದಿದೆ. ನೀರಿಗೆ ಹೋಗೋ ಹೆಜ್ಜೆ ಮೂರು ಸಲ ಎಣಿಸಿದೀಯ. ವಾಪಸ್ ಬರೋ ಹೆಜ್ಜೆ ಒಂದು ಸಲವೂ ಬರೆದಿಲ್ಲ. ಹೋಗೋದು ಇಳಿಜಾರು, ಬರೋದು ಏರು. ಸೀರೆ ನೆನೆದು ಭಾರ ಆಗಿರುತ್ತೆ, ಭುಜ ಸೋತಿರುತ್ತೆ. ಏರಿನಲ್ಲಿ ನನ್ನ ಹೆಜ್ಜೆ ಇನ್ನೂ ಚಿಕ್ಕದಾಗುತ್ತೆ. ಅದಕ್ಕೆ ಇದರೊಳಗೆ ಹಸಿರು ದಾರ ಇಟ್ಟಿದೀನಿ, ಕೆಂಪಿಗಿಂತ ನಾಲ್ಕು ಬೆರಳು ಕಮ್ಮಿ. ಈ ಕಾಗದ ಸಿಕ್ಕ ದಿನವೇ ಹೋಗು, ತಿಥಿ ನೋಡಬೇಡ, ನೀರು ಸ್ವಲ್ಪ ಆಚೀಚೆ ಇದ್ರೂ ಪರವಾಗಿಲ್ಲ, ಲೆಕ್ಕ ನಾನು ಬಂದಾಗ ಹೇಳು. ಹಸಿರು ದಾರ ಕಟ್ಟಿಕೊಂಡು, ನೀರಲ್ಲಿ ಸ್ವಲ್ಪ ಹೊತ್ತು ನಿಂತು, ವಾಪಸ್ ಬರ್ತಾ ಹಲಗೆವರೆಗೆ ಎಷ್ಟಾಗುತ್ತೆ ಅಂತ ಇನ್ನೊಂದು ಸಲ ಎಣಿಸಿ ನೋಡು.

ಅಂಜಮ್ಮ